ತಲೆಗೆ ಮುಟ್ಟುವ ಔಷಧ

ಅಣ್ಣನಿಗೆ ಬಂದಿರುವುದು ಪಾರ್ಕಿನ್ಸನ್ ಕಾಯಿಲೆ ಎಂದು ಹುಬ್ಬಳ್ಳಿಯ ನರರೋಗ ವೈದ್ಯರು ಹೇಳಿದಂದಿನಿಂದ ಹುಲಗೂರಿನ ನಮ್ಮ ಮನೆಯ ಊಟದ ರೀತಿಯೇ ಬದಲಾಗಿದೆ. ಹೊಲದಿಂದ ಬಂದವರು ಕೈಕಾಲು ತೊಳೆದು ನೇರ ತಾಟಿನ ಮುಂದೆ ಕೂಡುತ್ತಿದ್ದ ಮನೆ ಅದು. ಈಗ ಅತ್ತಿಗೆ ಮೊದಲು ಗಡಿಯಾರ ನೋಡುತ್ತಾರೆ, ಅಣ್ಣನ ಕೈಯಲ್ಲಿ ಗುಳಿಗೆ ಇಡುತ್ತಾರೆ. ಅರ್ಧ ತಾಸು ಕಳೆಯುವ ತನಕ ರೊಟ್ಟಿಯ ಬುಟ್ಟಿ ಮುಚ್ಚಿಯೇ ಇರುತ್ತದೆ. ಹೋದ ಸಲ ಊರಿಗೆ ಹೋದಾಗ ಅವರು ನನ್ನನ್ನು ಕೇಳಿದರು: “ಅಲ್ಲೋ ತಮ್ಮಾ, ನೀ ಗುಳಿಗಿ ಕೊಡೋ ನೌಕರೀನ ಮಾಡಿದಾಂವ. ಈ ಗುಳಿಗಿ ಹೆಸರಕಾಳ ಪಲ್ಯಾಕ್ಕ ಯಾಕ ಇಷ್ಟ ಹೆದರತೈತಿ?”

ನಾನು ಶಾಲೆಗೆ ಹೋಗುತ್ತಿದ್ದಾಗ ಈ ಮನೆಗೆ ಸೊಸೆಯಾಗಿ ಬಂದವರು ಅವರು. ಓದು ನಾಲ್ಕನೆಯ ಇಯತ್ತೆಯವರೆಗೆ. ಆದರೆ ಅವರು ಕೇಳಿದ ಪ್ರಶ್ನೆ ಔಷಧ ವಿಜ್ಞಾನದ ಒಂದು ದೊಡ್ಡ ತೊಡಕಿನದು. ಅಣ್ಣನ ಗುಳಿಗೆಯಲ್ಲಿರುವುದು ಲೆವೊಡೋಪಾ ಮತ್ತು ಕಾರ್ಬಿಡೋಪಾ. ಮಿದುಳಿನ ಆಳದಲ್ಲಿ ಡೋಪಮೈನ್ ತಯಾರಿಸುವ ಕೋಶಗಳು ಸಾಯುತ್ತ ಹೋದಾಗ ಕೈ ನಡುಗುತ್ತದೆ, ಮೈ ಬಿಗಿಯುತ್ತದೆ, ಹೆಜ್ಜೆ ಕಿರಿದಾಗುತ್ತದೆ. ಕಡಿಮೆಯಾದದ್ದು ಡೋಪಮೈನ್, ಆದರೂ ಅದನ್ನೇ ಕೊಟ್ಟರೆ ಉಪಯೋಗವಿಲ್ಲ. ರಕ್ತದಲ್ಲಿರುವ ಡೋಪಮೈನ್ ಮಿದುಳಿನೊಳಗೆ ಹೋಗಲಾರದು. ಲೆವೊಡೋಪಾ ಹೋಗುತ್ತದೆ, ಒಳಗೆ ಹೋದ ಮೇಲೆ ಡೋಪಮೈನ್ ಆಗುತ್ತದೆ. ಅದು ಅಮೈನೊ ಆಮ್ಲಗಳ ಜಾತಿಯದು. ಅಂಥ ಆಮ್ಲಗಳನ್ನು ಮಿದುಳಿಗೆ ಸಾಗಿಸಲೆಂದೇ ರಕ್ತನಾಳದ ಗೋಡೆಯಲ್ಲಿ ವಾಹಕ ಪ್ರೋಟೀನುಗಳಿವೆ. ಕಾಳು, ಬೇಳೆ, ಮೊಸರು ತಿಂದಾಗ ಬರುವ ಅಮೈನೊ ಆಮ್ಲಗಳೂ ಅದೇ ವಾಹಕವನ್ನು ಬಳಸುತ್ತವೆ. ಅತ್ತಿಗೆಗೆ ನಾನು ಹೇಳಿದ್ದು ಹೀಗೆ: “ಉರುಸಿನ ದಿನ ನಮ್ಮೂರಿಗೆ ಬರೋ ಬಸ್ ಇದ್ದಂಗ. ಸೀಟು ಇಷ್ಟ, ಹತ್ತೋ ಮಂದಿ ಭಾಳ. ಕಾಳಿನ ಮಂದಿ ಮೊದಲ ಹತ್ತಿದ್ರ ನಿಮ್ಮ ಗುಳಿಗಿ ಸ್ಟ್ಯಾಂಡಿನ್ಯಾಗ ಉಳೀತೈತಿ. ಅದಕ್ಕ ಅದನ್ನ ಮುಂಚೆ ಕಳಸೂದು.” ಅವರಿಗೆ ಅರ್ಥವಾಯಿತು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಈ ಊರಿನಲ್ಲಿ ಕಳೆದ ಬಾಲ್ಯ, ಇಲ್ಲಿಯ ಸರಕಾರಿ ದವಾಖಾನೆಯಲ್ಲಿ ಕಂಪೌಂಡರ್ ಆಗಿ ದುಡಿದ ಮೊದಲ ವರ್ಷಗಳು, ಅಲ್ಲಿ ಕಂಡ ಮುಖಗಳು ಒಂದೊಂದಾಗಿ ಬಂದು ನಿಂತವು. ಅವುಗಳಲ್ಲಿ ಎಷ್ಟೋ ಮುಖಗಳ ಹಿಂದೆ ಇದೇ ಮಾತಿತ್ತು: ಯಾವ ಔಷಧ ಮಿದುಳಿಗೆ ಮುಟ್ಟುತ್ತದೆ, ಯಾವುದು ಮುಟ್ಟುವುದಿಲ್ಲ.

ನನ್ನ ಬಾಲ್ಯದಲ್ಲಿ ಹುಲಗೂರು ಧಾರವಾಡ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ಊರು. ನಾವು ಹಾವೇರಿ ಜಿಲ್ಲೆಯವರಾದದ್ದು 1997ರಲ್ಲಿ. ಎರಿ ಹೊಲ, ಜೋಳ, ಹತ್ತಿ, ಶೇಂಗಾ, ಮೆಣಸಿನಕಾಯಿ. ಹೊರಗಿನವರು ನಮ್ಮೂರನ್ನು ಗುರುತಿಸುವುದು ದರ್ಗಾದಿಂದ. ಶಿಶುನಾಳ ಷರೀಫರ ತಂದೆ ಇಮಾಮ್ ಸಾಹೇಬರು ಹುಲಗೂರಿನ ಹಜರೇಶ ಖಾದ್ರಿಯವರ ಶಿಷ್ಯರಾಗಿದ್ದರು. ಆ ನಂಟಿನಿಂದ ಈ ಭಾಗದ ಹಿಂದೂ ಮುಸಲ್ಮಾನರಿಬ್ಬರಿಗೂ ಇದು ನಡೆದುಕೊಳ್ಳುವ ಜಾಗ. ಮನೆಯಲ್ಲಿ ಯಾರಿಗಾದರೂ ಜ್ವರ ಬಿಡದಿದ್ದರೆ ನಮ್ಮವ್ವ ವಿಭೂತಿ ಹಚ್ಚಿಕೊಂಡ ಹಣೆಯಲ್ಲೇ ಅಲ್ಲಿಗೆ ಹೋಗಿ ಸಕ್ಕರೆ ಓದಿಸಿಕೊಂಡು ಬರುತ್ತಿದ್ದಳು. ಬಂದು ಆ ಸಕ್ಕರೆಯ ಜೊತೆಗೇ ದವಾಖಾನೆಯ ಗುಳಿಗೆಯನ್ನೂ ನುಂಗಿಸುತ್ತಿದ್ದಳು. ಎರಡರ ನಡುವೆ ಅವಳಿಗೆ ಜಗಳ ಕಂಡಿರಲಿಲ್ಲ.

ನಮ್ಮ ಓಣಿಯಲ್ಲಿ ಕನ್ನಡ ಶಾಲೆಯ ಒಬ್ಬ ಮಾಸ್ತರರಿದ್ದರು. ಊರಿನ ಅರ್ಧ ಮಂದಿಯ ಕಾಗದ ಬರೆದುಕೊಡುತ್ತಿದ್ದವರು ಅವರೇ. ದುಂಡನೆಯ, ಸಾಲು ತಪ್ಪದ ಅಕ್ಷರ. ಕಾಲ ಕಳೆದಂತೆ ಆ ಅಕ್ಷರ ಸಣ್ಣದಾಗುತ್ತ ಬಂತು. ಸಾಲಿನ ಮೊದಲಿಗೆ ಓದಲು ಬರುವಂತಿದ್ದದ್ದು ಕೊನೆಗೆ ಬರುವಾಗ ಚುಕ್ಕಿಗಳಾಗಿಬಿಡುತ್ತಿತ್ತು. ಬಲಗೈಯ ಹೆಬ್ಬೆರಳು ತೋರುಬೆರಳಿಗೆ ಉಜ್ಜುತ್ತ ಸುಮ್ಮನೆ ನಡುಗುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಊರನ್ನು ನೋಯಿಸಿದ್ದು ಅವರ ಮುಖ. ಎದುರು ಬಂದು ನಮಸ್ಕಾರ ಮಾಡಿದರೂ ನಗುತ್ತಿರಲಿಲ್ಲ. “ಮಾಸ್ತರಿಗೆ ಸೊಕ್ಕು ಬಂದೈತಿ” ಎಂದು ಕಟ್ಟೆಯ ಮೇಲೆ ಕೂತವರು ಅಂದುಕೊಂಡರು. ಸೊಕ್ಕಲ್ಲ, ಮುಖದ ಸ್ನಾಯುಗಳೇ ಬಿಗಿದುಹೋಗಿದ್ದವು. ಅಕ್ಷರ ಕಿರಿದಾಗುವುದು, ಮುಖದ ಭಾವ ಮಾಯವಾಗುವುದು ಪಾರ್ಕಿನ್ಸನ್ ಕಾಯಿಲೆಯಲ್ಲಿ ಸಾಮಾನ್ಯವಾಗಿ ಕಾಣುವ ಗುರುತುಗಳು. ನಾನು ಅದನ್ನು ಓದಿ ತಿಳಿಯುವ ಹೊತ್ತಿಗೆ ಮಾಸ್ತರರು ತೀರಿಕೊಂಡು ವರ್ಷಗಳಾಗಿದ್ದವು. ಕೊನೆಯ ದಿನಗಳಲ್ಲಿ ಅವರು ಮಗ್ಗುಲು ಬದಲಿಸಲೂ ಆಗದೆ ಮಲಗಿದ್ದರು. ಊರು ಅದನ್ನು ವಾತ ಎಂದಿತು, ಕೆಲವರು ಯಾರದೋ ಶಾಪ ಎಂದರು.

ಅದೇ ಕಾಲದಲ್ಲಿ ನಾವು ಹುಡುಗರು ಹೊಲದ ಬದುವಿನ ಕಂಟಿಯಲ್ಲಿ ನಸುಗುನ್ನಿ ಬಳ್ಳಿಯನ್ನು ಕಂಡರೆ ದೂರ ಓಡುತ್ತಿದ್ದೆವು. ಅದರ ಕಾಯಿಯ ಮೇಲಿನ ಕಂದು ರೋಮ ಮೈಗೆ ತಾಗಿದರೆ ಚರ್ಮ ಕೆಂಪಾಗುವಷ್ಟು ತುರಿಕೆ. ಜಗಳವಾದವರ ಅಂಗಿಯೊಳಗೆ ಅದನ್ನು ಉದುರಿಸಿ ಹೊಡೆತ ತಿಂದ ಹುಡುಗರು ನಮ್ಮಲ್ಲಿ ಇದ್ದರು. ಆ ಕಾಯಿಯ ಬೀಜದಲ್ಲಿ ತೂಕದ ಶೇಕಡ 4ರಿಂದ 6ರಷ್ಟು ಲೆವೊಡೋಪಾ ಇರುತ್ತದೆ ಎಂಬುದು ಊರಿಗೆ ಗೊತ್ತಿರಲಿಲ್ಲ. 1937ರಲ್ಲಿಯೇ ಮದರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ನಸುಗುನ್ನಿ ಬೀಜದಿಂದ ಅದನ್ನು ಬೇರ್ಪಡಿಸಿ ಪ್ರಕಟಿಸಿದ್ದರು. ಅದು ಮಿದುಳಿಗೆ ಔಷಧವಾಗಬಲ್ಲದೆಂದು ಆಗ ಯಾರೂ ಊಹಿಸಿರಲಿಲ್ಲ. ನಮ್ಮ ಆಯುರ್ವೇದದ ವೈದ್ಯರು ಮಾತ್ರ ಕಂಪವಾತಕ್ಕೆ ಆತ್ಮಗುಪ್ತಾ ಎಂಬ ಹೆಸರಿನಲ್ಲಿ ಇದೇ ಬೀಜವನ್ನು ಬಳಸುತ್ತ ಬಂದಿದ್ದರು.

ಆ ಊಹೆಗೆ ದಾರಿ ತೆರೆದವರು ಸ್ವೀಡನ್ನಿನ ವಿಜ್ಞಾನಿ ಅರ್ವಿಡ್ ಕಾರ್ಲ್ಸನ್. ಅವರು 1957ರಲ್ಲಿ ಮೊಲಗಳಿಗೆ ರಿಸರ್ಪಿನ್ ಕೊಟ್ಟರು. ಅದು ಸರ್ಪಗಂಧದ ಬೇರಿನಿಂದ ತೆಗೆದ ವಸ್ತು. ಮೊಲಗಳು ಕಿವಿ ಜೋತುಬಿಟ್ಟು ಅಲುಗಾಡದೆ ಕೂತವು. ಡೋಪಾ ಚುಚ್ಚಿದಾಗ ಎದ್ದು ಓಡಾಡಿದವು. ಇದರಿಂದ ಶುರುವಾದ ಕೆಲಸಕ್ಕೆ ಅವರಿಗೆ 2000ದಲ್ಲಿ ನೊಬೆಲ್ ಬಂತು. 1961ರಲ್ಲಿ ವಿಯೆನ್ನಾದ ವೈದ್ಯರು ಪಾರ್ಕಿನ್ಸನ್ ರೋಗಿಗಳಿಗೆ ಲೆವೊಡೋಪಾ ಚುಚ್ಚಿ ನೋಡಿದರು. 1967ರಲ್ಲಿ ನ್ಯೂಯಾರ್ಕಿನ ಜಾರ್ಜ್ ಕೊಟ್ಸಿಯಾಸ್ ಬಾಯಿಂದಲೇ ಸಣ್ಣ ಪ್ರಮಾಣದಲ್ಲಿ ಆರಂಭಿಸಿ ನಿಧಾನವಾಗಿ ಏರಿಸುತ್ತ ಹೋದರೆ ಬಿಗಿದ ಮೈ ಸಡಿಲವಾಗುತ್ತದೆಂದು ತೋರಿಸಿದರು. ನಮ್ಮ ಮಾಸ್ತರರು ಮಲಗಿದ್ದಾಗ ಔಷಧ ಜಗತ್ತಿನಲ್ಲಿತ್ತು, ಅದರ ಬೀಜ ನಮ್ಮ ಬದುವಿನಲ್ಲೂ ಇತ್ತು. ಹಾಗೆಂದು ಬೀಜ ಕುಟ್ಟಿ ಕುಡಿಸಿದ್ದರೆ ಅವರು ಎದ್ದು ಓಡಾಡುತ್ತಿದ್ದರು ಎನ್ನುವುದು ಸುಳ್ಳಾಗುತ್ತದೆ. ಬೀಜದಿಂದ ಬೀಜಕ್ಕೆ ಔಷಧದ ಪ್ರಮಾಣ ಬೇರೆ. ಜೊತೆಗೆ ಬರಿಯ ಲೆವೊಡೋಪಾದ ಬಹುಪಾಲು ಮಿದುಳಿಗೆ ಹೋಗುವ ಮೊದಲೇ, ಮೈಯ ಉಳಿದ ಕಡೆಗಳಲ್ಲೇ ಡೋಪಮೈನ್ ಆಗಿ ಮುಗಿದುಹೋಗುತ್ತದೆ. ಅದಕ್ಕೇ ಕೊಟ್ಸಿಯಾಸ್ ಗ್ರಾಮುಗಟ್ಟಲೆ ಕೊಡಬೇಕಾಗಿತ್ತು, ರೋಗಿಗಳು ವಾಂತಿಯಿಂದ ಬಳಲುತ್ತಿದ್ದರು.

ಮುಂದೆ ಕಾರ್ಬಿಡೋಪಾವನ್ನು ಸೇರಿಸಿದಾಗ ಈ ಕಷ್ಟ ಬಹುಮಟ್ಟಿಗೆ ನೀಗಿತು. ಅಣ್ಣನ ಗುಳಿಗೆಯ ಎರಡನೆಯ ಭಾಗ ಅದೇ. ಅದರ ಗುಣ ನನಗೆ ಈಗಲೂ ಬೆರಗು ತರುತ್ತದೆ: ಕಾರ್ಬಿಡೋಪಾ ಮಿದುಳಿನೊಳಗೆ ಹೋಗುವುದಿಲ್ಲ, ಹೋಗದಿರುವುದೇ ಅದರ ಉಪಕಾರ. ಹೊರಗೆ ಉಳಿದು, ಲೆವೊಡೋಪಾ ದಾರಿಯಲ್ಲೇ ಡೋಪಮೈನ್ ಆಗುವುದನ್ನು ತಡೆಯುತ್ತದೆ. ಒಳಗೆ ಹೋಗಿಬಿಟ್ಟರೆ ಅಲ್ಲಿಯೂ ತಡೆದು ಇಡೀ ಚಿಕಿತ್ಸೆಯನ್ನೇ ಕೆಡಿಸುತ್ತಿತ್ತು. ಒಂದು ಗುಳಿಗೆಯಲ್ಲಿ ಒಳಗೆ ಹೋಗಬೇಕಾದದ್ದೂ ಇದೆ, ಹೊರಗೇ ಇರಬೇಕಾದದ್ದೂ ಇದೆ.

ಮಿದುಳು ಹೀಗೆ ಆಯ್ದುಕೊಳ್ಳುತ್ತದೆ ಎಂಬ ಸುಳಿವು ಮೊದಲು ಸಿಕ್ಕಿದ್ದು ಬಣ್ಣಗಳಿಂದ. 1885ರಲ್ಲಿ ಜರ್ಮನಿಯ ಪಾಲ್ ಎರ್ಲಿಖ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಸೇರಿಸಿ ನೋಡಿದಾಗ ಎಲ್ಲ ಅಂಗಗಳೂ ಬಣ್ಣ ಹಿಡಿದವು, ಮಿದುಳು ಮಾತ್ರ ಬೆಳ್ಳಗೆ ಉಳಿಯಿತು. ಮಿದುಳಿಗೆ ಬಣ್ಣ ಹಿಡಿಯುವ ಗುಣವೇ ಇಲ್ಲವೆಂದು ಅವರು ಭಾವಿಸಿದರು. ಅವರ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ 1913ರಲ್ಲಿ ಅದೇ ಜಾತಿಯ ಬಣ್ಣವನ್ನು ಮಿದುಳುಬಳ್ಳಿಯ ದ್ರವಕ್ಕೆ ನೇರವಾಗಿ ಸೇರಿಸಿದರು. ಈಗ ಮಿದುಳು ಬಣ್ಣ ಹಿಡಿಯಿತು, ಉಳಿದ ಮೈ ಹಿಡಿಯಲಿಲ್ಲ. ಅಂದರೆ ರಕ್ತಕ್ಕೂ ಮಿದುಳಿಗೂ ನಡುವೆ ಏನೋ ತಡೆಯಿದೆ. ಅದು ಎಲ್ಲಿದೆ ಎಂಬುದನ್ನು 1967ರಲ್ಲಿ ಥಾಮಸ್ ರೀಸ್ ಮತ್ತು ಮಾರಿಸ್ ಕಾರ್ನೋವ್‌ಸ್ಕಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರು. ಮೈಯ ಬೇರೆ ಕಡೆ ಲೋಮನಾಳಗಳ ಗೋಡೆಯ ಕೋಶಗಳ ನಡುವೆ ಸಣ್ಣ ಸಂದುಗಳಿರುತ್ತವೆ. ಮಿದುಳಿನಲ್ಲಿ ಆ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಬೆಸೆದುಕೊಂಡಿವೆ. ನಮ್ಮ ತಲೆಯೊಳಗಿನ ಲೋಮನಾಳಗಳನ್ನೆಲ್ಲ ಸೇರಿಸಿದರೆ ಸುಮಾರು 600 ಕಿಲೋಮೀಟರ್ ಉದ್ದವೆಂದು ಲೆಕ್ಕ ಹಾಕಿದ್ದಾರೆ. ಅದರ ಬಹುಪಾಲು ಉದ್ದಕ್ಕೂ ಈ ಬೆಸುಗೆ ಇದೆ. ಆಮ್ಲಜನಕ ಸಲೀಸಾಗಿ ದಾಟುತ್ತದೆ, ಸಕ್ಕರೆಗೆ ಅದರದೇ ವಾಹಕವಿದೆ, ಕೊಬ್ಬಿನಲ್ಲಿ ಕರಗುವ ಸಣ್ಣ ಅಣುಗಳು ನುಸುಳುತ್ತವೆ. ದೊಡ್ಡವು ಮತ್ತು ನೀರಿನಲ್ಲಷ್ಟೇ ಕರಗುವವು ಹೊರಗೆ ಉಳಿಯುತ್ತವೆ. ನುಸುಳಿದ ಕೆಲವನ್ನೂ ಕೋಶದ ಪಂಪುಗಳು ಮತ್ತೆ ರಕ್ತಕ್ಕೆ ತಳ್ಳುತ್ತವೆ. ತಿಂದ ಊಟ, ಕುಡಿದ ನೀರು, ಮೈಗೆ ಹೊಕ್ಕ ವಿಷ ಇವುಗಳಿಂದ ರಕ್ತದಲ್ಲಿ ಆಗುವ ಏರುಪೇರು ನಮ್ಮ ಯೋಚನೆಯನ್ನು ಕದಡದಿರುವುದು ಈ ಬಿಗಿಯಿಂದಲೇ. ಮಿದುಳಿನ ಕಾಯಿಲೆಗೆ ಔಷಧ ಸಿಗುವುದು ಕಷ್ಟವಾಗಿರುವುದೂ ಅದರಿಂದಲೇ.

ದವಾಖಾನೆಗೆ ಸೇರಿದ ಎಂಬತ್ತರ ದಶಕದಲ್ಲಿ ನಾನು ಇದನ್ನೆಲ್ಲ ಪಠ್ಯದ ಒಂದು ಪುಟವಾಗಿ ಓದಿ ಬಂದಿದ್ದೆ. ಕೆಲಸ ಕಲಿತದ್ದು ಅಲ್ಲಿಯ ಹಿರಿಯ ಕಂಪೌಂಡರರಿಂದ. ಊರೆಲ್ಲ ಅವರನ್ನು ಕಾಕಾ ಎನ್ನುತ್ತಿತ್ತು. ಬಾಟಲಿಯ ಬಣ್ಣದಿಂದ, ವಾಸನೆಯಿಂದ ಔಷಧ ಹೇಳಬಲ್ಲವರು. ಕುದಿಯುವ ನೀರಿನಲ್ಲಿ ಗಾಜಿನ ಸಿರಿಂಜು, ಸೂಜಿ ಹಾಕಿ ಸ್ಟವ್ ಮುಂದೆ ಕೂತಿರುತ್ತಿದ್ದರು. ಬಡವರು ಬಂದರೆ ತಮ್ಮ ಡಬ್ಬಿಯ ರೊಟ್ಟಿ ಕೊಡುತ್ತಿದ್ದರು. ಆ ಮನುಷ್ಯನ ಮೇಲಿನ ಪ್ರೀತಿ ನನಗೆ ಇಂದಿಗೂ ಕಡಿಮೆಯಾಗಿಲ್ಲ. ಆದರೆ ಆ ಕಾಲದ ಔಷಧ ಕೊಡುವ ಪದ್ಧತಿಯನ್ನು ಒಳ್ಳೆಯದೆಂದು ನಾನು ಹೇಳಲಾರೆ. ಎಂಥ ಕಾಯಿಲೆಯಾದರೂ ಸೂಜಿ ಬೇಕು ಎಂದು ಜನ ಕೇಳುತ್ತಿದ್ದರು, ಕೊಡುತ್ತಿದ್ದರು. ಯಾವುದಕ್ಕೆ, ಏನಾಗಬಹುದು ಎಂದು ವಿವರಿಸುವ ರೂಢಿ ಯಾರಿಗೂ ಇರಲಿಲ್ಲ.

ಮಾರ್ಚ್ ಬಂತೆಂದರೆ ಪೇಟೆಯ ಔಷಧದಂಗಡಿಗಳಲ್ಲಿ ಬುದ್ಧಿಯ ಟಾನಿಕ್ಕುಗಳ ಸಾಲು. ಹತ್ತನೆಯ ತರಗತಿಯ ಮಕ್ಕಳಿದ್ದವರು ಸಾಲ ಮಾಡಿಯಾದರೂ ಒಂದು ಬಾಟಲಿ ಒಯ್ಯುತ್ತಿದ್ದರು. ಕೆಲವುಗಳಲ್ಲಿ ಗ್ಲುಟಾಮಿಕ್ ಆಮ್ಲ ಇರುತ್ತಿತ್ತು. ಮಿದುಳಿನಲ್ಲಿ ಗ್ಲುಟಾಮೇಟ್ ಮುಖ್ಯ ಸಂದೇಶವಾಹಕ ಎಂಬ ನಿಜದಿಂದ ಹುಟ್ಟಿದ ವ್ಯಾಪಾರ ಅದು. ಆದರೆ ರಕ್ತದ ಗ್ಲುಟಾಮೇಟ್ ಮಿದುಳಿಗೆ ಹೋಗುವುದು ನಗಣ್ಯ. ಮಿದುಳು ತನಗೆ ಬೇಕಾದದ್ದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಹೊರಗಿನದು ಧಾರಾಳವಾಗಿ ನುಗ್ಗುವಂತಿದ್ದರೆ ನರಕೋಶಗಳೇ ಸಾಯುತ್ತಿದ್ದವು. ಶೇಂಗಾ ಮಾರಿದ ದುಡ್ಡಿನಲ್ಲಿ ಅಪ್ಪಂದಿರು ಕೊಂಡ ಆ ಬಾಟಲಿಗಳನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಆ ಹಣಕ್ಕೆ ಮಕ್ಕಳಿಗೆ ಹಾಲು, ತತ್ತಿ ಸಿಗುತ್ತಿತ್ತು.

ಇದಕ್ಕೆ ತದ್ವಿರುದ್ಧವಾದ ಒಂದು ಪ್ರಸಂಗ ದವಾಖಾನೆಯ ದಿನಗಳದ್ದು. ಮಳೆಗಾಲದ ಒಂದು ಸಂಜೆ ಪಕ್ಕದ ಹಳ್ಳಿಯವರು ಹದಿನೈದರ ಹುಡುಗಿಯನ್ನು ಚಕ್ಕಡಿಯಲ್ಲಿ ಹಾಕಿಕೊಂಡು ದರ್ಗಾಕ್ಕೆ ಬಂದಿದ್ದರು. ಕುತ್ತಿಗೆ ಒಂದು ಕಡೆ ತಿರುಚಿಕೊಂಡಿತ್ತು, ಕಣ್ಣಗುಡ್ಡೆ ಮೇಲಕ್ಕೆ ನಿಂತಿದ್ದವು, ನಾಲಿಗೆ ಹೊರಗೆ ಬಂದಿತ್ತು. “ದೆವ್ವ ಬಡದೈತ್ರಿ” ಎಂದು ತಾಯಿ ಎದೆ ಬಡಿದುಕೊಳ್ಳುತ್ತಿದ್ದಳು. ದರ್ಗಾದಲ್ಲಿ ಕೂಡುತ್ತಿದ್ದ ಹಿರಿಯರು ಹುಡುಗಿಯ ತಲೆಯ ಮೇಲೆ ಕೈಯಿಟ್ಟು, “ನಾ ದುವಾ ಮಾಡತೀನಿ, ನೀವು ಮೊದಲ ದವಾಖಾನಿಗೆ ನಡೀರಿ” ಎಂದು ನಮ್ಮ ಕಡೆ ಕಳಿಸಿದರು. ನಮ್ಮ ಡಾಕ್ಟರು ಹುಡುಗಿಯನ್ನು ನೋಡಿ ಕೇಳಿದ್ದು ಒಂದೇ ಪ್ರಶ್ನೆ: “ವಾಂತಿಗೆ ಸೂಜಿ ಮಾಡಿಸಿದ್ರೇನು?” ಹೌದು, ಬೆಳಿಗ್ಗೆ ವಾಂತಿಭೇದಿ ಆಗಿತ್ತು, ಯಾರೋ ಸೂಜಿ ಹಾಕಿದ್ದರು. ಅದು ಮೆಟೊಕ್ಲೋಪ್ರಮೈಡ್. ವಾಂತಿ ನಿಲ್ಲಿಸುವ ಆ ಔಷಧ ಮಿದುಳಿನೊಳಗೂ ಹೋಗಿ ಡೋಪಮೈನಿನ ಕೆಲಸವನ್ನು ತಡೆಯುತ್ತದೆ. ಎಳೆಯ ವಯಸ್ಸಿನವರಲ್ಲಿ, ಅದರಲ್ಲೂ ಹುಡುಗಿಯರಲ್ಲಿ, ಕೆಲವೊಮ್ಮೆ ಕುತ್ತಿಗೆ ಮುಖದ ಸ್ನಾಯುಗಳು ಹೀಗೆ ತಿರುಚಿಕೊಳ್ಳುತ್ತವೆ. ಡಾಕ್ಟರು ಫೆನರ್ಗನ್ ಚುಚ್ಚುಮದ್ದು ಕೊಟ್ಟರು. ಅದೂ ಮಿದುಳಿಗೆ ಹೋಗುವ ಔಷಧವೇ, ಕೆಟ್ಟ ಸಮತೋಲವನ್ನು ಸರಿಪಡಿಸುತ್ತದೆ. ತಾಯಿಯ ಅಳು ಇನ್ನೂ ನಿಂತಿರಲಿಲ್ಲ, ಹುಡುಗಿಯ ಕುತ್ತಿಗೆ ನೆಟ್ಟಗಾಯಿತು. ಎದ್ದು ಕೂತು ನೀರು ಕೇಳಿದಳು.

ಆ ಸಂಜೆ ನನಗೆ ಬಹಳ ಕಲಿಸಿತು. ವಾಂತಿಯನ್ನು ಪ್ರಚೋದಿಸುವ ಒಂದು ಚಿಕ್ಕ ಜಾಗ ಮಿದುಳಿನ ಬುಡದಲ್ಲಿದೆ. ಅಲ್ಲಿ ರಕ್ತನಾಳಗಳ ಆ ಬಿಗಿ ಬೆಸುಗೆ ಇಲ್ಲ. ರಕ್ತದಲ್ಲಿ ವಿಷ ಸೇರಿದರೆ ತಕ್ಷಣ ತಿಳಿದು ಹೊರಗೆ ಹಾಕಿಸಬೇಕಲ್ಲ, ಅದಕ್ಕೆ ಆ ಜಾಗ ರಕ್ತಕ್ಕೆ ತೆರೆದುಕೊಂಡಿದೆ. ಹಾಗಾಗಿ ಮಿದುಳಿನ ಒಳಭಾಗಕ್ಕೆ ಹೋಗದ ಔಷಧವೂ ವಾಂತಿಯನ್ನು ನಿಲ್ಲಿಸಬಲ್ಲದು. ಡೊಂಪೆರಿಡೋನ್ ಅಂಥದ್ದು. ಹೊರಗೆ ಉಳಿಯುವ ಗುಣದಿಂದಲೇ ಒಳ್ಳೆಯದಾದ ಔಷಧಗಳು ಇನ್ನೂ ಇವೆ. ಭೇದಿಗೆ ಕೊಡುವ ಲೋಪೆರಮೈಡ್ ಅಫೀಮಿನ ಬಳಗದ್ದು. ಮಿದುಳಿನ ರಕ್ತನಾಳದ ಪಂಪುಗಳು ಅದನ್ನು ಹೊರಗೆ ತಳ್ಳುವುದರಿಂದ, ಹೇಳಿದಷ್ಟೇ ತೆಗೆದುಕೊಂಡ ದೊಡ್ಡವರಿಗೆ ಅಮಲು ಏರುವುದಿಲ್ಲ. ನೆಗಡಿಗೆ ಕೊಡುತ್ತಿದ್ದ ಹಳೆಯ ಗುಳಿಗೆಗಳು ಮಿದುಳಿಗೆ ಹೋಗಿ ತೂಕಡಿಕೆ ತರುತ್ತಿದ್ದವು. ಆ ಪಂಪಿಗೆ ಸಿಕ್ಕುವ ಫೆಕ್ಸೋಫೆನಡೀನ್ ನುಂಗಿದವನು ಎಚ್ಚರವಾಗಿಯೇ ಕೆಲಸ ಮಾಡಬಲ್ಲ.

ನಮ್ಮೂರಿನ ಕರಾಳ ನೆನಪು ಹತ್ತಿಯ ಹೊಲದ್ದು. ಹೈಬ್ರಿಡ್ ಹತ್ತಿ ಬಂದ ಮೇಲೆ ಕೀಟನಾಶಕದ ಎಣ್ಣೆ ಹೊಡೆಯುವುದು ಮುಗಿಯದ ಕೆಲಸವಾಯಿತು. ಬೆನ್ನಿಗೆ ಪಂಪು, ಬರಿಗಾಲು, ಬರಿಮೈ. ಗಾಳಿಗೆ ಎದುರಾಗಿ ಹೊಡೆಯುತ್ತಿದ್ದವರ ಮೈಯೆಲ್ಲ ಔಷಧ. ಸಾಲದ ಸಂಕಟಕ್ಕೆ, ಮನೆಯ ಜಗಳಕ್ಕೆ ಅದೇ ಡಬ್ಬಿಯನ್ನು ಕುಡಿದವರೂ ಇದ್ದರು. ಆರ್ಗ್ಯಾನೊಫಾಸ್ಫರಸ್ ಜಾತಿಯ ಆ ವಿಷಗಳಲ್ಲಿ ಬಹಳಷ್ಟು ಕೊಬ್ಬಿನಲ್ಲಿ ಕರಗುತ್ತವೆ. ಚರ್ಮದ ಮೂಲಕವೂ ಒಳಗೆ ಹೋಗುತ್ತವೆ, ಮಿದುಳಿಗೂ ಸಲೀಸಾಗಿ ಹೋಗುತ್ತವೆ. ಬಾಯಿಂದ ನೊರೆ, ಕಣ್ಣೀರು, ಬೆವರು, ಸೂಜಿಮೊನೆಯಷ್ಟಾದ ಪಾಪೆ, ನಿಲ್ಲುತ್ತ ಬಂದ ಉಸಿರು. ರಾತ್ರಿ ದವಾಖಾನೆಯ ಬಾಗಿಲು ಬಡಿದರೆ ಬೆಳ್ಳುಳ್ಳಿಯಂಥ ಆ ವಾಸನೆ ಮೊದಲು ಒಳಗೆ ಬರುತ್ತಿತ್ತು.

ನಮ್ಮಲ್ಲಿ ಇದ್ದದ್ದು ಅಟ್ರೋಪಿನ್. ನಮ್ಮ ತಿಪ್ಪೆಗಳ ಪಕ್ಕ ಬೆಳೆಯುವ ಮದಗುಣಕಿ ಗಿಡದಲ್ಲೂ ಇರುವ ಜಾತಿಯ ವಸ್ತು ಅದು. ಮಿದುಳಿಗೆ ಹೋಗುತ್ತದೆ. ಡಾಕ್ಟರು ಮತ್ತೆ ಮತ್ತೆ ಕೊಡುತ್ತ ಹೋಗುತ್ತಿದ್ದರು, ನಾನು ಆಂಪೂಲು ಒಡೆದು ಕೊಡುತ್ತ ಹೋಗುತ್ತಿದ್ದೆ. ನೊರೆ ಒಣಗಿ ಉಸಿರು ಸರಿಯಾಗುವ ಹೊತ್ತಿಗೆ ಕೆಲವರು ತೊದಲತೊಡಗುತ್ತಿದ್ದರು, ಇಲ್ಲದವರ ಜೊತೆ ಮಾತಾಡುತ್ತ ಚಾದರದ ಮೇಲೆ ಏನನ್ನೋ ಹೆಕ್ಕುತ್ತಿದ್ದರು. ಮನೆಯವರು ಗಾಬರಿಯಾದರೆ ಕಾಕಾ ಹೇಳುತ್ತಿದ್ದರು: “ಹೆದರಬ್ಯಾಡ್ರಿ, ಔಷಧ ತಲಿಗೆ ಮುಟ್ಟೇತಿ.” ಅವರು ಅದನ್ನು ಅನುಭವದಿಂದ ಹೇಳಿದ್ದು, ಶಾಸ್ತ್ರವೂ ಅದನ್ನೇ ಹೇಳುತ್ತದೆ. ಇನ್ನೊಂದು ಮದ್ದು ಪ್ರಾಲಿಡಾಕ್ಸಿಮ್, ನಾವು ಪಾಮ್ ಎನ್ನುತ್ತಿದ್ದದ್ದು. ಅದು ಸ್ನಾಯುಗಳಲ್ಲಿ ವಿಷದ ಹಿಡಿತ ಬಿಡಿಸಲು ಇರುವ ಔಷಧ, ಆದರೆ ಅದರ ಅಣು ವಿದ್ಯುದಾವೇಶ ಹೊತ್ತದ್ದರಿಂದ ಮಿದುಳಿಗೆ ಹೋಗುವುದು ತೀರ ಕಡಿಮೆ. ವಿಷ ಎಲ್ಲಿಗೆ ಹೋಯಿತೋ ಅಲ್ಲಿಗೆಲ್ಲ ಈ ಮದ್ದು ಹೋಗಲಾರದು. ಉಸಿರು ಮತ್ತೆ ಕುಸಿದವರನ್ನು ಸಿಕ್ಕ ಜೀಪಿನಲ್ಲಿ ಹಾಕಿ ಹುಬ್ಬಳ್ಳಿಯ ಕೆಎಂಸಿಗೆ ಕಳಿಸುತ್ತಿದ್ದೆವು. ಎಲ್ಲರೂ ಮರಳಲಿಲ್ಲ. ಆ ಕಾಲದಲ್ಲಿ ಬದುಕು ಸರಳವಾಗಿತ್ತು, ಜನ ಗಟ್ಟಿಯಾಗಿದ್ದರು ಎಂದು ಯಾರಾದರೂ ಹೇಳಿದಾಗ ನನಗೆ ಆ ಜೀಪುಗಳು ಕಣ್ಣಮುಂದೆ ಬರುತ್ತವೆ.

ಮಿದುಳಿನ ಕಾಯಿಲೆಗೆ ಔಷಧವಿಲ್ಲ ಎಂಬ ನಿರಾಸೆ ಆಗ ಊರಿನ ಮೈಯಲ್ಲೇ ಇತ್ತು. ಮೂರ್ಛೆ ಬರುವವರ ಮೂಗಿಗೆ ಉಳ್ಳಾಗಡ್ಡಿ ಹಿಡಿಯುತ್ತಿದ್ದರು, ಕೈಯಲ್ಲಿ ಕಬ್ಬಿಣದ ಕೀಲಿ ಇಡುತ್ತಿದ್ದರು. ಅಂಥ ಹುಡುಗಿಗೆ ಮದುವೆ ಆಗುತ್ತಿರಲಿಲ್ಲ, ಒಂದು ವೇಳೆ ಆದರೂ ತವರಿಗೆ ಹಿಂದಿರುಗುತ್ತಿದ್ದಳು. ಮೂರ್ಛೆಯನ್ನು ತಡೆಯಬಲ್ಲ ಫೆನೊಬಾರ್ಬಿಟೋನ್ 1912ರಿಂದಲೇ ಬಳಕೆಯಲ್ಲಿದೆ, ಫೆನಿಟಾಯಿನ್ 1938ರಿಂದ. ಎರಡೂ ಮಿದುಳಿಗೆ ಮುಟ್ಟುತ್ತವೆ, ಎರಡೂ ಅಗ್ಗ. ಬೆಂಗಳೂರಿನ ನರರೋಗ ತಜ್ಞ ಕೆ.ಎಸ್. ಮಣಿ ಮತ್ತು ಸಂಗಡಿಗರು ಯಳಂದೂರಿನ ಹಳ್ಳಿಗಳಲ್ಲಿ ಮನೆಮನೆಯ ರೋಗಿಗಳನ್ನು ಗುರುತಿಸಿ ಈ ಎರಡು ಗುಳಿಗೆಗಳಿಂದಲೇ ಚಿಕಿತ್ಸೆ ಕೊಟ್ಟು, ಹಳ್ಳಿಯಲ್ಲೇ ಮೂರ್ಛೆಯನ್ನು ಹತೋಟಿಗೆ ತರಬಹುದೆಂದು ತೋರಿಸಿದರು. ಅವರ ವರದಿ 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅದನ್ನು ಓದಿದ ದಿನ ನಮ್ಮೂರಿನ ಎಷ್ಟೋ ಹೆಣ್ಣುಮಕ್ಕಳನ್ನು ನೆನೆದೆ. ಅವರ ಗುಳಿಗೆ ಮಿದುಳಿನ ತಡೆಗೋಡೆಯನ್ನು ದಾಟಬಲ್ಲದಾಗಿತ್ತು. ಶಿಗ್ಗಾಂವಿಯಿಂದ ಅವರ ಮನೆಯವರೆಗಿನ ದಾರಿಯಲ್ಲಿ ಅದು ನಿಂತುಬಿಟ್ಟಿತ್ತು.

ಈಗ ಹುಲಗೂರು ಬೇರೆ. ಮೊಬೈಲ್ ಇದೆ, 108 ಬರುತ್ತದೆ, ಔಷಧದಂಗಡಿಗಳಿವೆ. ತಡೆಗೋಡೆಯನ್ನು ದಾಟಿಸುವ ವಿದ್ಯೆಯೂ ಮುಂದೆ ಹೋಗಿದೆ. ಹಂಟರ್ ಕಾಯಿಲೆಯ ಮಕ್ಕಳ ಮಿದುಳಿಗೆ ಬೇಕಾದ ಕಿಣ್ವವನ್ನು, ಕಬ್ಬಿಣವನ್ನು ಒಳಗೆ ಒಯ್ಯುವ ಗ್ರಾಹಕಕ್ಕೆ ಅಂಟುವಂತೆ ಮಾಡಿ ಕಳಿಸುವ ಔಷಧಕ್ಕೆ ಜಪಾನ್ 2021ರಲ್ಲಿ ಒಪ್ಪಿಗೆ ಕೊಟ್ಟಿತು. ರಕ್ತದಲ್ಲಿ ಸೂಕ್ಷ್ಮ ಗುಳ್ಳೆಗಳನ್ನು ಬಿಟ್ಟು, ತಲೆಯ ಒಂದೇ ಜಾಗಕ್ಕೆ ಶ್ರವಣಾತೀತ ಧ್ವನಿ ಹಾಯಿಸಿ, ಆ ಬೆಸುಗೆಯನ್ನು ಕೆಲವು ತಾಸು ಸಡಿಲಿಸುವ ಪ್ರಯೋಗಗಳು ನಡೆದಿವೆ. ಟೊರೊಂಟೊದ ವೈದ್ಯರು 2018ರಲ್ಲಿ ಅಲ್ಜೈಮರ್ ರೋಗಿಗಳಲ್ಲಿ ಇದನ್ನು ಸುರಕ್ಷಿತವಾಗಿ ಮಾಡಬಹುದೆಂದು ವರದಿ ಮಾಡಿದರು. ಈ ಕೆಲಸಗಳ ಮೇಲೆ ನನಗೆ ದೊಡ್ಡ ಭರವಸೆಯಿದೆ. ಮಿದುಳಿನ ಗಡ್ಡೆಯಿಂದ ಮಕ್ಕಳನ್ನು ಕಳೆದುಕೊಂಡವರನ್ನು ನಾನು ಬಲ್ಲೆ. ಅವರ ಪಾಲಿಗೆ ಈ ವಿದ್ಯೆ ಬೇಗ ಬರಲಿ.

ಆದರೆ ಅಣ್ಣನ ಕಾಯಿಲೆಯ ಮೊದಲ ದಿನಗಳಲ್ಲಿ ನಡೆದದ್ದು ನನ್ನನ್ನು ಕಾಡುತ್ತದೆ. ಲೆವೊಡೋಪಾ ಶುರುವಾದಾಗ ಅವನಿಗೆ ವಾಂತಿಯಾಯಿತು. ಹತ್ತಿರದ ಅಂಗಡಿಯಲ್ಲಿ ಕೇಳಿದಾಗ ಕೊಟ್ಟದ್ದು ಮೆಟೊಕ್ಲೋಪ್ರಮೈಡ್. ಅತ್ತಿಗೆ ಫೋನಿನಲ್ಲಿ ಹೆಸರು ಕೂಡಿಸಿ ಕೂಡಿಸಿ ಓದಿದಾಗ ನಾನು ನಿಲ್ಲಿಸಿದೆ. ಇರುವ ಅಲ್ಪ ಡೋಪಮೈನಿನ ಕೆಲಸವನ್ನೂ ಅದು ತಡೆದು ಅವನನ್ನು ಇನ್ನಷ್ಟು ಬಿಗಿಯಾಗಿಸುತ್ತಿತ್ತು. ವೈದ್ಯರು ಹೃದಯ ಪರೀಕ್ಷಿಸಿ ಸ್ವಲ್ಪ ದಿನಕ್ಕೆ ಡೊಂಪೆರಿಡೋನ್ ಬರೆದರು. ಮನೆಯಲ್ಲಿ ಔಷಧ ಬಲ್ಲವನೊಬ್ಬ ಇದ್ದದ್ದರಿಂದ ತಪ್ಪಿತು. ಇಲ್ಲದ ಮನೆಗಳಲ್ಲಿ?

ಅದಕ್ಕಾಗಿ ಈಗ ಊರಿಗೆ ಹೋದಾಗಲೆಲ್ಲ ಅಂಗಡಿಯ ಹುಡುಗರ ಜೊತೆ ಕೂತು ಮಾತಾಡುತ್ತೇನೆ. ಪಾರ್ಕಿನ್ಸನ್ ಇರುವವರಿಗೆ ಯಾವ ವಾಂತಿಯ ಗುಳಿಗೆ ಕೊಡಬಾರದು, ಚಿಕ್ಕ ಮಕ್ಕಳಿಗೆ ಲೋಪೆರಮೈಡ್ ಏಕೆ ಬೇಡ, ಮೂರ್ಛೆಯ ಗುಳಿಗೆಯನ್ನು ಒಮ್ಮೆಲೇ ಬಿಡಿಸಿದರೆ ಏನಾಗುತ್ತದೆ. ಅವರು ಶ್ರದ್ಧೆಯಿಂದ ಕೇಳುತ್ತಾರೆ, ಬರೆದುಕೊಳ್ಳುತ್ತಾರೆ. ಆಶಾ ಕಾರ್ಯಕರ್ತೆಯರಿಗೂ ಹೇಳುತ್ತೇನೆ: ಯಾರದಾದರೂ ಸಹಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆಯೇ, ನಗುತ್ತಿದ್ದ ಮುಖ ನಗುವುದನ್ನು ಬಿಟ್ಟಿದೆಯೇ, ನಡೆಯುವಾಗ ಒಂದು ಕೈ ಬೀಸುವುದು ನಿಂತಿದೆಯೇ, ನೋಡಿ. ಅದನ್ನು ವಯಸ್ಸು ಎನ್ನಬೇಡಿ, ಸೊಕ್ಕು ಎನ್ನಬೇಡಿ. ಲೆವೊಡೋಪಾ, ಕಾರ್ಬಿಡೋಪಾ ನಮ್ಮ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ಅವು ಕಾಯಿಲೆಯನ್ನು ಬೇರುಸಹಿತ ಕೀಳಲಾರವು, ಆದರೆ ಮನುಷ್ಯನನ್ನು ವರ್ಷಗಟ್ಟಲೆ ಅವನ ಕಾಲ ಮೇಲೆ ನಿಲ್ಲಿಸಬಲ್ಲವು. ಅಂಥವರನ್ನು ಕಂಡರೆ ಹುಬ್ಬಳ್ಳಿಗೋ ದಾವಣಗೆರೆಗೋ ನರರೋಗ ವೈದ್ಯರ ಬಳಿ ಕರೆದುಕೊಂಡು ಹೋಗಿ. ಔಷಧ ಇದೆ, ಅದು ಮಿದುಳಿಗೆ ಮುಟ್ಟುತ್ತದೆ.